ಕೊನೆಯ ಅಧ್ಯಾಯದ ಹುಡುಗಿ

ಅಕ್ಕನ ಮಗಳಿಗೆ ಕೊಟ್ಟ ಮಾತನ್ನು ನಾನು ಮುರಿದದ್ದು ಹನ್ನೊಂದು ಪುಟಗಳ ಒಂದು ಅಧ್ಯಾಯದಲ್ಲಿ. ಆ ಪುಟಗಳಲ್ಲಿ ಒಂದೇ ಒಂದು ಅಕ್ಷರದೋಷವೂ ಇಲ್ಲವೆಂದು ಈಗಲೂ ಹೇಳಬಲ್ಲೆ. ಅದರಿಂದ ಯಾರಿಗೂ ಏನೂ ಪ್ರಯೋಜನವಿಲ್ಲ.

ಮುಳಬಾಗಿಲಿನ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತೆರಡು ವರ್ಷ ಕನ್ನಡ ಕಲಿಸಿ, ಸ್ವಯಂನಿವೃತ್ತಿ ಪಡೆದು ಶ್ರೀನಿವಾಸಪುರಕ್ಕೆ ಮರಳಿದ ಮೇಲೆ ನಾನು ಹಿಡಿದ ಕೆಲಸ ಕರಡು ತಿದ್ದುವುದು. ಕೋಲಾರದ ಪ್ರಕಾಶಕರೊಬ್ಬರು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಟ್ಟು ಕಳುಹಿಸುತ್ತಿದ್ದರು. ಈ ಕೆಲಸವನ್ನು ಕ್ರಮವಾಗಿ ಮಾಡಬೇಕಾದರೆ ಇಬ್ಬರು ಬೇಕು. ಒಬ್ಬರು ಮೂಲಪ್ರತಿಯನ್ನು ಗಟ್ಟಿಯಾಗಿ ಓದಬೇಕು. ಇನ್ನೊಬ್ಬರು ಅಚ್ಚಾದ ಕರಡಿನ ಮೇಲೆ ಕಣ್ಣಿಟ್ಟು ತಿದ್ದಬೇಕು. ಓದುವವರು ಪದಗಳ ಜೊತೆಗೆ ಚಿಹ್ನೆಗಳನ್ನೂ ಹೇಳುತ್ತ ಹೋಗಬೇಕು: ಅಲ್ಪವಿರಾಮ, ಪೂರ್ಣವಿರಾಮ, ಹೊಸ ಪ್ಯಾರಾ. ನನಗೆ ಹೀಗೆ ಓದುತ್ತಿದ್ದವಳು ಅಕ್ಕನ ಮಗಳು.

ಅವಳಿಗೆ ಆಗ ಹದಿನಾರು. ಆಟಿಸಂ ಎಂಬ ಹೆಸರನ್ನು ನಾವು ಕೇಳಿದ್ದು ಅವಳ ಹನ್ನೆರಡನೆಯ ವಯಸ್ಸಿನಲ್ಲಿ, ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ. ಅದಕ್ಕೆ ಮೊದಲು ನಮ್ಮ ಬೀದಿಯೇ ಅವಳಿಗೆ ಬೇರೆ ಬೇರೆ ಹೆಸರುಗಳನ್ನು ಇಟ್ಟಿತ್ತು. ಒಂಬತ್ತನೆಯ ತರಗತಿಯ ಗದ್ದಲವನ್ನು ತಾಳಲಾರದೆ ಶಾಲೆ ಬಿಟ್ಟಿದ್ದಳು. ಮುದ್ದೆ ತಟ್ಟೆಯಲ್ಲಿರಬೇಕು, ಸಾರು ಲೋಟದಲ್ಲಿರಬೇಕು. ಎರಡೂ ಕೂಡುವುದು ಬಾಯಲ್ಲಿ ಮಾತ್ರ. ಯಾರಾದರೂ ಮೈ ಮುಟ್ಟಿದರೆ ಅವಳಿಗೆ ಸುಟ್ಟಂತಾಗುತ್ತಿತ್ತು. ದಿನವೂ ಬೆಳಿಗ್ಗೆ ಜಡೆ ಹೆಣೆಯುವಾಗ ಬೆರಳು ಕುತ್ತಿಗೆಗೆ ತಾಗದಂತೆ ಹೆಣೆಯುವುದನ್ನು ಅಕ್ಕ ವರ್ಷಗಟ್ಟಲೆ ಅಭ್ಯಾಸ ಮಾಡಿ ಕಲಿತಿದ್ದಳು. ತಾಯಿಗೆ ಮಗಳಿಂದ ದೊರೆಯುತ್ತಿದ್ದ ಸಾಮೀಪ್ಯ ಅಷ್ಟೇ. ಅಷ್ಟಕ್ಕೆ ಇಬ್ಬರೂ ಒಗ್ಗಿಹೋಗಿದ್ದರು.

ಮಧ್ಯಾಹ್ನ ಎರಡು ಗಂಟೆಗೆ ಸರಿಯಾಗಿ ನನ್ನ ಮನೆಗೆ ಬರುತ್ತಿದ್ದಳು. ಮಾವಿನ ಸುಗ್ಗಿಯಲ್ಲಿ ಮಂಡಿಯ ಲಾರಿಗಳು ಬೀದಿ ತುಂಬಿದಾಗ ಹಿತ್ತಲ ದಾರಿಯಿಂದ ಬರುತ್ತಿದ್ದಳು. ತಡವಾಗಿ ಬಂದದ್ದು ನೆನಪಿಲ್ಲ.

“ಚಿಕ್ಕಮ್ಮ, ನಿನ್ನ ಮೂಗು ಸೀಟಿ ಹೊಡೀತಿದೆ. ನನ್ನ ಅಲ್ಪವಿರಾಮ ನಿಂಗೆ ಕೇಳ್ಸಲ್ಲ.”

“ನೆಗಡಿ ಕಣೇ.”

“ಒರೆಸ್ಕೊಂಡು ಬಾ. ಕಾಯ್ತೀನಿ.”

ಕೋಲಾರದ ಗ್ರಂಥಾಲಯದಿಂದ ನಾನು ತಂದುಕೊಡುತ್ತಿದ್ದ ಹದಿಹರೆಯದವರ ಕಾದಂಬರಿಗಳಲ್ಲಿ ಅವಳು ತನ್ನಂಥ ಹುಡುಗಿಯರನ್ನು ಹುಡುಕುತ್ತಿದ್ದಳು. ಸಿಕ್ಕಿದ್ದರು, ಬಹುಪಾಲು ಇಂಗ್ಲಿಷಿನಲ್ಲಿ, ಒಂದೆರಡು ಅನುವಾದಗಳಲ್ಲಿ. ಒಬ್ಬಳು ಪೊಲೀಸರಿಗೂ ಹೊಳೆಯದ ಸುಳಿವನ್ನು ಹಿಡಿಯುತ್ತಿದ್ದಳು. ಇನ್ನೊಬ್ಬಳು ಒಮ್ಮೆ ಕೇಳಿದ ರಾಗವನ್ನು ಹಾಗೆಯೇ ನುಡಿಸುತ್ತಿದ್ದಳು. ಹೆಚ್ಚಿನವರು ಕೊನೆಯ ಅಧ್ಯಾಯದಲ್ಲಿ ತುಂಬಿದ ಸಭೆಯ ಮುಂದೆ ನಿಲ್ಲುತ್ತಿದ್ದರು. ಅಂಥದೊಂದು ಪುಸ್ತಕವನ್ನು ಮುಚ್ಚಿಟ್ಟು ಒಂದು ದಿನ ಕೇಳಿದಳು:

“ಇವಳಿಗೆ ಏನೂ ಬರ್ದೇ ಇದ್ದಿದ್ರೆ ಇವಳ ಮೇಲೆ ಪುಸ್ತಕ ಬರೀತಿದ್ರಾ?”

“ಬರೀಬೇಕಿತ್ತು.”

“ಬರೆದಿಲ್ವಲ್ಲ. ನೀನು ಬರಿ. ನನ್ನನ್ನ ಬರಿ. ಇರೋ ಥರಾನೇ ಬರಿ. ನಾನು ಓದಿ ಸರಿ ಅನ್ನೋ ತನಕ ಅಚ್ಚಿಗೆ ಕಳಿಸ್ಬೇಡ.”

ಆಗಲಿ ಎಂದೆ. ಒಂದು ವರ್ಷ ಬರೆದೆ. ಪ್ರತಿ ಅಧ್ಯಾಯವನ್ನೂ ಅವಳು ಗಟ್ಟಿಯಾಗಿ ಓದಿ, ಸುಳ್ಳು ಕಂಡಲ್ಲಿ ನಿಲ್ಲಿಸುತ್ತಿದ್ದಳು. ತಾರಸಿಯ ಮೇಲೆ ಹುಡುಗಿ ದುಃಖದಿಂದ ಕುಳಿತಿದ್ದಳೆಂದು ಬರೆದಿದ್ದೆ. “ದುಃಖ ಇರ್ಲಿಲ್ಲ. ಸುಮ್ನೆ ಕೂತಿದ್ದೆ,” ಎಂದಳು, ಹೊಡೆದುಹಾಕಿದೆ. ಕೊನೆಯ ಅಧ್ಯಾಯದಲ್ಲಿ, ನಿಶ್ಚಿತಾರ್ಥದ ಮನೆಯೊಂದರಿಂದ ಅರ್ಧಕ್ಕೇ ಎದ್ದು ಬಂದ ಹುಡುಗಿ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾಳೆ; ತಾಯಿ ಬಾಗಿಲ ಹೊರಗೆ ನೆಲದ ಮೇಲೆ ಕೂರುತ್ತಾಳೆ; ಇಬ್ಬರೂ ಮಾತಾಡುವುದಿಲ್ಲ. ಓದಿ ಮುಗಿಸಿ, “ಸರಿ,” ಎಂದಿದ್ದಳು. ಅವಳ ಬಾಯಿಂದ ಆ ಪದ ಬರುವುದು ಅಪರೂಪ.

ಪ್ರಕಾಶಕರು ಫೋನ್ ಮಾಡಿದರು.

“ಮೇಡಂ, ಭಾಷೆ ಸೂಪರ್. ಆದ್ರೆ ಕೊನೇಲಿ ಬಾಗ್ಲು ಹಾಕ್ಕೊಂಡು ಕೂತ್ರೆ ಹೆಂಗೆ? ಅವಳ್ನ ಸ್ಟೇಜ್ ಹತ್ತಿಸಿ. ಮಾತಾಡ್ಲಿ, ಅಮ್ಮನ್ನ ತಬ್ಕೊಳ್ಲಿ. ಹೆಡ್‌ಮಿಸ್ಸುಗಳ ಕಣ್ಣಲ್ಲಿ ನೀರು ಬರ್ಬೇಕು, ಆಗ್ಲೇ ಶಾಲೆಗೆ ತಗೊಳ್ಳೋದು.”

“ಹಾಗೆ ನಡೆದಿಲ್ಲ.”

“ಕಾದಂಬರಿ ಅಲ್ವಾ ಮೇಡಂ? ಪಂಚಾಯ್ತಿ ವರದಿನಾ?”

ಅಕ್ಕ ಮತ್ತು ಮಗಳು ಆವನಿಯ ಅಜ್ಜಿಯ ಮನೆಗೆ ಹೋಗಿದ್ದ ಎರಡು ದಿನಗಳಲ್ಲಿ ಹೊಸ ಕೊನೆಯನ್ನು ಬರೆದೆ. ಅದರ ಕರಡನ್ನು ನಾನೊಬ್ಬಳೇ ತಿದ್ದಿದೆ. ಬಾಯಿಯೂ ನನ್ನದೇ, ಕಣ್ಣೂ ನನ್ನದೇ. ಓದುವ ಮಕ್ಕಳಿಗೆ ಧೈರ್ಯ ಬರುತ್ತದೆಂದು ನನಗೆ ನಾನೇ ಹೇಳಿಕೊಂಡೆ. ಇಷ್ಟು ಕಾಲ ಬೇರೆಯವರ ಪುಸ್ತಕಗಳನ್ನು ತಿದ್ದಿದವಳಿಗೆ ತನ್ನ ಪುಸ್ತಕವೊಂದು ಹೊರಬರಲಿ ಎಂಬ ಆಸೆಯಿತ್ತು. ನಿಜವಾದ ಕಾರಣ ಇದು.

ಪುಸ್ತಕದ ಮೊದಲ ಪ್ರತಿಯನ್ನು ಅಕ್ಕ ಒಯ್ದಳು. ಗೋಡೆಯ ಕ್ಯಾಲೆಂಡರು ಬಿಟ್ಟರೆ ಬೇರೇನನ್ನೂ ಓದದವಳು ಒಂದೇ ದಿನದಲ್ಲಿ ಓದಿ ಮುಗಿಸಿ, ಸಂಜೆ ಕೆಂಪು ಕಣ್ಣುಗಳೊಂದಿಗೆ ಬಂದಳು.

“ಹೆತ್ತೋಳು ನಾನು, ನನಗೇ ಕಾಣಿಸ್ಲಿಲ್ವಲ್ಲೇ. ಅವಳೊಳಗೆ ಇಷ್ಟೆಲ್ಲಾ ಇದೆಯಾ?”

ಅದು ಕಟ್ಟುಕತೆಯೆಂದು ಹೇಳಲು ಅರ್ಧ ನಿಮಿಷ ಸಾಕಾಗಿತ್ತು. “ಇರಬಹುದು ಅಕ್ಕ,” ಎಂದೆ.

ಮರುದಿನ ಬೆಳಿಗ್ಗೆ ಜಡೆ ಹೆಣೆಯುತ್ತಿದ್ದ ಅಕ್ಕ ಹಿಂದಿನಿಂದ ಮಗಳನ್ನು ಬಳಸಿ ಅಪ್ಪಿಕೊಂಡಳಂತೆ. “ನನ್ನ ಬಂಗಾರು ತಲ್ಲಿ, ಪುಸ್ತಕದಲ್ಲಿ ತಬ್ಕೊಂಡಿದ್ದೀಯಲ್ಲೇ, ಒಂದೇ ಒಂದು ಸಲ ತಬ್ಕೊಳ್ಳೇ,” ಎಂದಳಂತೆ. ಹುಡುಗಿ ಕಂಬದ ಹಾಗೆ ನಿಂತಳು; ಬಿಡಿಸಿಕೊಳ್ಳಲಿಲ್ಲ, ಕೂಗಲಿಲ್ಲ. ತಾಯಿ ಅದನ್ನು ಒಪ್ಪಿಗೆಯೆಂದು ಭಾವಿಸಿದಳು. ಮೂರು ದಿನ ಹೀಗಾಯಿತು. ನಾಲ್ಕನೆಯ ದಿನ ಅಕ್ಕ ಬಾಚಣಿಗೆ ಹಿಡಿದು ಬರುವ ಮೊದಲೇ ಅವಳು ಹೊಲಿಗೆಯ ಕತ್ತರಿಯಿಂದ ಜಡೆಯನ್ನು ಬುಡಕ್ಕೆ ಕತ್ತರಿಸಿ, ಹಳೆಯ ಪೇಪರಿನಲ್ಲಿ ಸುತ್ತಿ ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟಿದ್ದಳು.

ಅಂದು ಎರಡು ಗಂಟೆಗೆ ಅವಳು ಬರಲಿಲ್ಲ. ನಾನೇ ಹೋದೆ. ಅಕ್ಕ ಹೊಸ್ತಿಲ ಮೇಲೆ ಕುಳಿತಿದ್ದಳು.

“ಆಗೋದೇ ಇಲ್ಲ ಅಂತ ಗೊತ್ತಿದ್ದೋಳು ಯಾಕೆ ಬರೆದೆ ಕಣೇ?” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. “ತಬ್ಕೋ ಅಂತ ಕೇಳೋದನ್ನ ನಾನು ಬಿಟ್ಟು ಎಷ್ಟು ವರ್ಷ ಆಗಿತ್ತು. ತಲೆ ಬಾಚೋದಾದ್ರೂ ಇತ್ತು.”

ಒಳಗೆ ಹುಡುಗಿ ಮಂಚದ ಮೇಲೆ ಕುಳಿತಿದ್ದಳು. ಕೂದಲು ಒಂದೆಡೆ ಉದ್ದ, ಒಂದೆಡೆ ಗಿಡ್ಡ. ತೊಡೆಯ ಮೇಲೆ ನನ್ನ ಪುಸ್ತಕ.

“ನೀನು ಬರೆದಿರೋಳು ಬೇರೆ ಹುಡುಗಿ ಚಿಕ್ಕಮ್ಮ. ಅಮ್ಮಂಗೆ ಅವಳೇ ಬೇಕು. ಅವಳನ್ನ ನಾನು ಎಲ್ಲಿಂದ ತರ್ಲಿ?”

ಮನೆಗೆ ಬಂದೆ. ಗೊತ್ತಿದ್ದ ಒಂದೇ ವಿದ್ಯೆಯನ್ನು ಪ್ರಯೋಗಿಸಿದೆ: ತಪ್ಪಾದದ್ದನ್ನು ತಿದ್ದುವುದು. ಹಳೆಯ ಕೊನೆಯನ್ನು ಹುಡುಕಿ ತೆಗೆದು, ದುಂಡಗೆ ನಕಲು ಮಾಡಿ, ಮುಂದಿನ ಮುದ್ರಣಕ್ಕೆ ಇದನ್ನೇ ಹಾಕಬೇಕೆಂದು ಪ್ರಕಾಶಕರಿಗೆ ಹೇಳಿದೆ. “ಆ ಅಧ್ಯಾಯಕ್ಕೇ ಮೇಡಂ ಪುಸ್ತಕ ಹೋಗ್ತಿರೋದು,” ಎಂದು ನಕ್ಕರು. “ಮಾಲೂರಿನ ಶಾಲೆಯೋರೊಬ್ರು ಆ ಹುಡುಗೀನೇ ಕರ್ಕೊಂಡ್ಬನ್ನಿ, ಎರಡು ಮಾತಾಡ್ಲಿ ಅಂತಿದಾರೆ.” ಫೋನ್ ಇಟ್ಟುಬಿಟ್ಟೆ.

ನಕಲು ಮಾಡಿದ ಹಾಳೆಗಳನ್ನು ಹಿಡಿದು ಮತ್ತೆ ಅವಳ ಬಳಿಗೆ ಹೋದೆ. ಮಂಚದ ತುದಿಯಲ್ಲಿಟ್ಟೆ. ಅವಳು ಮುಟ್ಟಲಿಲ್ಲ.

“ಇದು ನೀನು ಸರಿ ಅಂದಿದ್ದೇ. ಓದಿ ನೋಡು.”

“ಸರಿಯಾಗೇ ಇರುತ್ತೆ,” ಎಂದಳು. “ಆದ್ರೆ ಅಮ್ಮ ಪುಸ್ತಕದಲ್ಲಿರೋದನ್ನ ಓದಿ ಆಗಿದೆಯಲ್ಲ.”

ಅವಳು ಗೋಡೆಯ ಕಡೆ ತಿರುಗಿದಳು. ಹಾಳೆಗಳನ್ನು ಅಲ್ಲಿಯೇ ಬಿಡುವುದೋ ತೆಗೆದುಕೊಳ್ಳುವುದೋ ತಿಳಿಯದೆ ತೆಗೆದುಕೊಂಡು ಹೊರಬಂದೆ. ಅಕ್ಕ ಜಗಲಿಯ ಮೇಲಿದ್ದಳು.

“ಏನಂದ್ಲು? ನನ್ನ ಹತ್ರ ಬರ್ತಾಳಂತಾ?”

“ಇಲ್ಲ ಅಕ್ಕ. ಬರಲ್ಲ.”

ಅಕ್ಕ ತಲೆಯಾಡಿಸಿದಳು. ನಲ್ಲಿಯಲ್ಲಿ ನೀರು ಬಿಡುವ ಹೊತ್ತಾಯಿತೆಂದು ಎದ್ದು, ಬಿಂದಿಗೆ ಎತ್ತಿಕೊಂಡು ಹೋದಳು.