ಲಿಫ್ಟಮ್ಮ ಕೂತ ದಿನ

ನನ್ನ ಅಕ್ಷರ ದುಂಡಗಿಲ್ಲ, ಸಾಲು ಓರೆಯಾಗಿ ಮೇಲಕ್ಕೆ ಹೋಗುತ್ತದೆ. ಪದಗಳೂ ನನಗೆ ಹೆಚ್ಚು ಗೊತ್ತಿಲ್ಲ, ಎಂಟನೇ ತರಗತಿಗೇ ಶಾಲೆ ಬಿಟ್ಟವಳು. ಓದುವವರು ದಯವಿಟ್ಟು ಕ್ಷಮಿಸಬೇಕು. ವಾಚನಾಲಯದ ಕೈಬರಹದ ಪತ್ರಿಕೆಗೆ ‘ನಿನಗೆ ಚೆನ್ನಾಗಿ ಗೊತ್ತಿರುವ ಒಬ್ಬರ ಬಗ್ಗೆ ಬರಿ’ ಎಂದು ಗ್ರಂಥಪಾಲಕಿ ಹೇಳಿದರು. ನನಗೆ ಚೆನ್ನಾಗಿ ಗೊತ್ತಿರುವವಳು ನನ್ನ ದೊಡ್ಡಮ್ಮ. ಅಮ್ಮ ತೀರಿಕೊಂಡ ಮೇಲೆ ನಾನು ಅವಳ ಜೊತೆಗೇ ಇದ್ದೇನೆ.

ದೊಡ್ಡಮ್ಮನಿಗೆ ಐವತ್ತಾರು ವರ್ಷ. ಪರವಾನಗಿ ಕೊಡುವ ಸರ್ಕಾರಿ ಕಚೇರಿಯಲ್ಲಿ ಅಟೆಂಡರ್. ಕಚೇರಿಗೆ ನೆಲಮಹಡಿ ಬಿಟ್ಟು ಮೇಲೆ ಮೂರು ಮಹಡಿ. ಒಂದೊಂದು ಮಹಡಿಗೆ ಇಪ್ಪತ್ತೆರಡು ಮೆಟ್ಟಿಲು. ಲಿಫ್ಟಿನ ಬಾಗಿಲಿಗೆ ‘ದುರಸ್ತಿಯಲ್ಲಿದೆ’ ಎಂಬ ಬೋರ್ಡು ನೇತುಹಾಕಿ ನಾಲ್ಕು ವರ್ಷವಾಯಿತು. ಅದಕ್ಕೇ ಅಲ್ಲಿಯವರೆಲ್ಲ ದೊಡ್ಡಮ್ಮನನ್ನು ಲಿಫ್ಟಮ್ಮ ಎಂದು ಕರೆಯುತ್ತಾರೆ.

ಮೊದಲನೇ ಮಹಡಿಯ ಗುಮಾಸ್ತರಿಗೆ ತಮಾಷೆ ಜಾಸ್ತಿ. “ಲಿಫ್ಟಮ್ಮಾ, ಮೂರನೇ ಮಹಡಿ ಒತ್ತಿದ್ದೀನಿ, ಹೊರಡಿ!” ಅನ್ನುತ್ತಾರೆ.

“ಬಾಗಿಲ ಹತ್ರ ನಿಲ್ಲಬೇಡಿ ಸಾರ್, ಕೈ ಸಿಕ್ಕಿಹಾಕ್ಕೊಂಡೀತು,” ಎನ್ನುತ್ತ ದೊಡ್ಡಮ್ಮ ಫೈಲಿನ ಕಟ್ಟು ಎತ್ತಿಕೊಳ್ಳುತ್ತಾಳೆ.

ಹೋದ ವರ್ಷ ದೊಡ್ಡ ಸಾಫ್ಟ್‌ವೇರ್ ಕಂಪನಿಯೊಂದು ಬಂದು ಕಚೇರಿಯ ಕೆಲಸವನ್ನೆಲ್ಲ ಕಂಪ್ಯೂಟರಿಗೆ ಹಾಕಿತು. ಇನ್ನು ಮೇಲೆ ಕಾಗದವೇ ಇರುವುದಿಲ್ಲ ಎಂದರು. ಮೊದಲು ಮೂವರು ಅಟೆಂಡರುಗಳಿದ್ದರು. ಇಬ್ಬರು ನಿವೃತ್ತರಾದರು, ಕಾಗದವೇ ಇಲ್ಲದ ಮೇಲೆ ಹೊರುವವರು ಯಾಕೆ ಎಂದು ಅವರ ಜಾಗ ತುಂಬಲಿಲ್ಲ. ದೊಡ್ಡಮ್ಮ ಒಬ್ಬಳೇ ಉಳಿದಳು.

ಆದರೆ ಕಾಗದ ಹೋಗಲಿಲ್ಲ. ಅದು ಹೇಗೆ ಎಂದು ನಾನು ಎರಡು ಸಲ ಕೇಳಿ ತಿಳಿದುಕೊಂಡಿದ್ದೇನೆ. ಅರ್ಜಿ ಕಂಪ್ಯೂಟರಿನಲ್ಲಿ ಬರುತ್ತದೆ. ಎರಡನೇ ಮಹಡಿಯ ಸೂಪರಿಂಟೆಂಡೆಂಟರಿಗೆ ಪರದೆಯ ಮೇಲೆ ಓದಿದರೆ ತಲೆನೋವು, ಆದ್ದರಿಂದ ಗುಮಾಸ್ತರು ಅದನ್ನು ಪ್ರಿಂಟ್ ಹಾಕುತ್ತಾರೆ. ದೊಡ್ಡಮ್ಮ ಒಯ್ಯುತ್ತಾಳೆ. ಅವರು ಪೆನ್ಸಿಲ್ಲಿನಲ್ಲಿ ಬರೆದದ್ದನ್ನು ಕೆಳಗೆ ತರುತ್ತಾಳೆ. ಗುಮಾಸ್ತರು ಅದನ್ನು ಟೈಪ್ ಮಾಡಿ ಮತ್ತೆ ಪ್ರಿಂಟ್ ಹಾಕುತ್ತಾರೆ. ದೊಡ್ಡಮ್ಮ ಅದನ್ನು ಮೂರನೇ ಮಹಡಿಯ ಸಾಹೇಬರ ಹತ್ತಿರ ಒಯ್ಯುತ್ತಾಳೆ. ಸಾಹೇಬರು ಶಾಯಿಯಲ್ಲಿ ಸಹಿ ಹಾಕುತ್ತಾರೆ. ಅದು ಮತ್ತೆ ಕೆಳಗೆ ಬರುತ್ತದೆ. ಕಂಪ್ಯೂಟರಿಗೆ ಚುಚ್ಚಿ ಸಹಿ ಮಾಡುವ, ಹೆಬ್ಬೆರಳಿನಷ್ಟು ದೊಡ್ಡ ಸಾಧನವೊಂದಿದೆ. ಸೂಪರಿಂಟೆಂಡೆಂಟರದ್ದೂ ಸಾಹೇಬರದ್ದೂ ಎರಡೂ ಗುಮಾಸ್ತರ ಡ್ರಾಯರಿನಲ್ಲೇ ಇರುತ್ತವೆ. ಅವರು ಒಂದಾದ ಮೇಲೊಂದು ಚುಚ್ಚಿ ಒತ್ತುತ್ತಾರೆ. ‘ಅಧಿಕಾರಿಗಳು ಸರಾಸರಿ ನಲವತ್ತು ಸೆಕೆಂಡಿನಲ್ಲಿ ತೀರ್ಮಾನ ಕೊಡುತ್ತಿದ್ದಾರೆ’ ಎಂದು ಕಂಪನಿಯ ವರದಿಯಲ್ಲಿ ಬಂದಿತ್ತು. ಮೆಟ್ಟಿಲು ಹತ್ತಿ ಇಳಿದ ಹೊತ್ತು ಅದರಲ್ಲಿ ಸೇರಿರಲಿಲ್ಲ.

ಕಂಪನಿ ಏನೂ ಮಾಡಲಿಲ್ಲ ಎಂದು ಬರೆದರೆ ತಪ್ಪಾಗುತ್ತದೆ. ಅರ್ಜಿ ಎಲ್ಲಿದೆ ಎಂದು ಕೇಳಲು ಈಗ ಜನ ರಜೆ ಹಾಕಿ ಬರಬೇಕಿಲ್ಲ, ಫೋನಿಗೇ ಮೆಸೇಜ್ ಬರುತ್ತದೆ. ನೆಲಮಹಡಿಯ ಬೆಂಚುಗಳು ಅರ್ಧ ಖಾಲಿ ಇರುತ್ತವೆ. ಅದನ್ನು ನಾನೇ ನೋಡಿದ್ದೇನೆ.

ದೊಡ್ಡಮ್ಮನ ಮಂಡಿ ಮಾತ್ರ ಕೈಕೊಟ್ಟಿತು. ಸಂಜೆ ಮನೆಗೆ ಬಂದರೆ ಚಪ್ಪಲಿ ಬಿಚ್ಚಲು ಬಗ್ಗಲೂ ಆಗುತ್ತಿರಲಿಲ್ಲ, ನಾನೇ ಬಿಚ್ಚುತ್ತಿದ್ದೆ. ಮೆಟ್ಟಿಲು ಹತ್ತಲೇಬಾರದು ಎಂದು ಡಾಕ್ಟರು ಬರೆದುಕೊಟ್ಟರು. ಅದೇ ಹೊತ್ತಿಗೆ ನೆಲಮಹಡಿಯ ವಿಚಾರಣೆ ಕಿಟಕಿಯಲ್ಲಿ ಕೂರುವವರು ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಾರೆಂದು ತಿಳಿಯಿತು. ಕುರ್ಚಿಯ ಕೆಲಸ. ಆ ಜಾಗ ಕೊಡಿ ಎಂದು ದೊಡ್ಡಮ್ಮ ಅರ್ಜಿ ಹಾಕಿದಳು. ಅದನ್ನೂ ಕಂಪ್ಯೂಟರಿನಲ್ಲೇ ಹಾಕಬೇಕು. ಯಾವ ಕೆಲಸ ಮಾಡಲು ಆಗುತ್ತಿಲ್ಲ ಎಂಬುದನ್ನು ಒಂದು ಪಟ್ಟಿಯಿಂದ ಆರಿಸಬೇಕು. ಬಾಗಿಲು ತೆರೆಯುವುದು, ನೀರು ತುಂಬಿಸುವುದು, ಬಂದವರ ಹೆಸರು ಬರೆಯುವುದು, ಇಷ್ಟೇ ಪಟ್ಟಿಯಲ್ಲಿತ್ತು. ಫೈಲು ಹೊರುವುದು ಇರಲಿಲ್ಲ.

“ಇಲ್ಲದೇ ಇರೋ ಕೆಲಸಾನ ಮಾಡಕ್ಕಾಗ್ತಿಲ್ಲ ಅಂತೀರಲ್ಲ ಲಿಫ್ಟಮ್ಮ, ಏನ್ ಮಾಡ್ಲಿ?” ಎಂದು ತಲೆ ಕೆರೆದುಕೊಂಡ ಗುಮಾಸ್ತರು ಕೊನೆಗೆ ‘ಇತರೆ’ ಎಂದು ಒತ್ತಿದರು. ‘ಕಾರಣ ಸಮರ್ಪಕವಾಗಿಲ್ಲ’ ಎಂದು ಮೂರನೇ ದಿನವೇ ವಾಪಸ್ ಬಂತು. ಗುಮಾಸ್ತರು ಅದನ್ನೇ ಮತ್ತೆ ಕಳಿಸಿದರು.

ಆಮೇಲೆ, ದಿನಕ್ಕೆ ಎಷ್ಟು ಸಲ ಹತ್ತುತ್ತಾಳೆಂದು ಲೆಕ್ಕ ಇಡಲು ನಾನು ದೊಡ್ಡಮ್ಮನಿಗೆ ಒಂದು ಉಪಾಯ ಹೇಳಿದೆ. ಅವಳ ಸಮವಸ್ತ್ರದ ಮೇಲಂಗಿಗೆ ಎರಡು ಜೇಬುಗಳಿವೆ. ಎಡ ಜೇಬಿನಲ್ಲಿ ಕಾಗದದ ಕ್ಲಿಪ್ಪು ತುಂಬಿಸಿ, ಒಂದು ಸಲ ಮೇಲೆ ಹತ್ತಿದರೆ ಒಂದು ಕ್ಲಿಪ್ಪನ್ನು ಬಲ ಜೇಬಿಗೆ ಹಾಕಬೇಕು. ಐದು ದಿನ ಎಣಿಸಿದೆವು: ಹದಿನಾಲ್ಕು, ಹದಿನೇಳು, ಹದಿನಾರು, ಹದಿಮೂರು, ಹದಿನೆಂಟು. ಕಂಪನಿ ಬರುವ ಮೊದಲು ಏಳೆಂಟು ಇದ್ದಿರಬಹುದು ಎನ್ನುತ್ತಾಳೆ. ಆಗ ಯಾರೂ ಎಣಿಸಿರಲಿಲ್ಲ, ಆದ್ದರಿಂದ ಎರಡು ಪಟ್ಟಾಯಿತೆಂದು ನಾನು ಖಂಡಿತವಾಗಿ ಬರೆಯಲಾರೆ.

ಹೋದ ಮಂಗಳವಾರ ಕಂಪನಿಯಿಂದ ಇಂಜಿನಿಯರಮ್ಮ ಒಬ್ಬರು ಪರಿಶೀಲನೆಗೆ ಬರುವವರಿದ್ದರು. ಕಾಗದವಿಲ್ಲದ ಕಚೇರಿ ಎಂದು ಪ್ರಶಸ್ತಿ ಕೊಡುವ ಮಾತಿತ್ತಂತೆ. ಬೆಳಿಗ್ಗೆಯೇ ಸೂಪರಿಂಟೆಂಡೆಂಟರು ಕಟ್ಟುಗಳನ್ನೆಲ್ಲ ಹಿಂಬದಿಯ ಉಗ್ರಾಣಕ್ಕೆ ಹಾಕಿಸಿದರು.

“ಲಿಫ್ಟಮ್ಮ, ಇವತ್ತು ನೀವು ಕೆಳಗೆ ಸುಮ್ನೆ ಕೂತಿರಿ. ಒಂದು ಹಾಳೆಯೂ ಅವರ ಕಣ್ಣಿಗೆ ಬೀಳಬಾರದು. ನಿಮ್ಮ ಅರ್ಜಿ ನಾನು ನೋಡ್ಕೋತೀನಿ,” ಎಂದರು.

ನಾನು ಊಟದ ಡಬ್ಬಿ ಒಯ್ದಾಗ ದೊಡ್ಡಮ್ಮ ನೆಲಮಹಡಿಯ ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದಳು. ಕಚೇರಿಯಲ್ಲಿ ಅವಳು ಹಾಗೆ ಕೂತದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

“ಏನೇ, ಹಾಗೆ ನೋಡ್ತೀಯ? ನಾನೂ ಸಾಹೇಬರಾಗಿದ್ದೀನಿ ಇವತ್ತು,” ಎಂದು ನಕ್ಕಳು.

ಅಷ್ಟರಲ್ಲಿ ಮೇಲೆ ಗಲಾಟೆ ಶುರುವಾಯಿತು. ಹತ್ತು ಗಂಟೆಯಿಂದ ಒಂದು ಗಂಟೆಯವರೆಗೆ ಕಂಪ್ಯೂಟರಿನಲ್ಲಿ ಒಂದೇ ಒಂದು ಅರ್ಜಿಯೂ ಮುಂದೆ ಹೋಗಿರಲಿಲ್ಲ. ಇಂಜಿನಿಯರಮ್ಮ ಗಾಬರಿಯಾಗಿ ವೈರು ಕಿತ್ತು ಹಾಕಿ ನೋಡಿದರಂತೆ, ತಮ್ಮ ಕಚೇರಿಗೆ ಫೋನ್ ಮಾಡಿದರಂತೆ. ಅಲ್ಲಿಂದ ಎಲ್ಲ ಸರಿಯಾಗಿದೆ ಎಂಬ ಉತ್ತರ. ಗುಮಾಸ್ತರು ನೆಲ ನೋಡುತ್ತ ಕೂತಿದ್ದರಂತೆ.

ಸೂಪರಿಂಟೆಂಡೆಂಟರು ಮೆಟ್ಟಿಲು ಇಳಿದು ಓಡಿಬಂದರು. ಅವರಿಗೆ ಮೈಯೆಲ್ಲ ಬೆವರು. “ಲಿಫ್ಟಮ್ಮ, ಹಿಂದಿನ ಮೆಟ್ಟಿಲಿಂದ ಒಂದು ಹತ್ತು ಫೈಲು ಸಾಹೇಬರಿಗೆ ಮುಟ್ಟಿಸಿಬಿಡಿ. ಬೇಗ. ಯಾರಿಗೂ ಕಾಣದ ಹಾಗೆ.”

“ಊಟ ಮಾಡಿ ಹೋಗ್ಲಾ ಸಾರ್?”

“ಅಯ್ಯೋ, ಊಟ ಎಲ್ಲಿಗೂ ಓಡಿಹೋಗಲ್ಲ ಕಣ್ರೀ!”

ಹಿಂದಿನ ಮೆಟ್ಟಿಲು ಇನ್ನೂ ಕಡಿದು, ಹಿಡಿದುಕೊಳ್ಳಲು ಕಂಬಿಯಿಲ್ಲ. ಕಟ್ಟನ್ನು ಅವಳೇ ಎತ್ತಿಕೊಂಡಳು. ನಾನು ಅವಳ ಇನ್ನೊಂದು ಕೈ ಹಿಡಿದುಕೊಂಡು ಹತ್ತಿದೆ. ಎರಡನೇ ಮಹಡಿಯ ತಿರುವಿನಲ್ಲಿ ಇಂಜಿನಿಯರಮ್ಮ ಫೋನಿನಲ್ಲಿ ಮಾತಾಡಲು ಬಂದು ನಿಂತಿದ್ದರು. ಅವರು ಕಟ್ಟನ್ನು ನೋಡಿದರು.

“ಇದೇನಮ್ಮಾ?”

ದೊಡ್ಡಮ್ಮ ಕಟ್ಟನ್ನು ಮೆಟ್ಟಿಲ ಮೇಲೆ ಇಳಿಸಿದಳು. ಸುಮ್ಮನಿದ್ದರೆ ಸೂಪರಿಂಟೆಂಡೆಂಟರು ಅರ್ಜಿ ನೋಡಿಕೊಳ್ಳುತ್ತಿದ್ದರೇನೋ. ಅವಳು ಸುಮ್ಮನಿರಲಿಲ್ಲ. “ಇದೇ ತಾಯಿ, ನಿಮ್ಮ ನೆಟ್‌ವರ್ಕು. ಬೆಳಿಗ್ಗೆಯಿಂದ ಕೆಳಗೆ ಕೂತಿತ್ತು,” ಎಂದಳು.

ಇಂಜಿನಿಯರಮ್ಮ ಮೊದಲು ನಕ್ಕರು. ಆಮೇಲೆ ಮೆಟ್ಟಿಲ ಮೇಲೇ ಕೂತುಬಿಟ್ಟರು. ದೊಡ್ಡಮ್ಮ ಎಲ್ಲವನ್ನೂ ಹೇಳಿದಳು, ಕ್ಲಿಪ್ಪಿನ ಲೆಕ್ಕವನ್ನೂ ಪಟ್ಟಿಯಲ್ಲಿ ಅವಳ ಕೆಲಸ ಇಲ್ಲದ್ದನ್ನೂ. ಇಂಜಿನಿಯರಮ್ಮ ಕೆಟ್ಟವರಲ್ಲ. ಅವರ ಕಣ್ಣ ಕೆಳಗೂ ಕಪ್ಪು ಕಟ್ಟಿತ್ತು.

“ಆ ಪಟ್ಟಿಗೆ ಒಂದು ಸಾಲು ಸೇರಿಸೋದು ನನಗೆ ಐದು ನಿಮಿಷದ ಕೆಲಸ ಅಮ್ಮ. ಆದರೆ ಫೈಲು ಹೊರೋ ಕೆಲಸ ಇದೆ ಅಂತ ನಿಮ್ಮ ಕಚೇರಿಯಿಂದ ಎರಡು ಸಾಲಿನ ಪತ್ರ ಬರಬೇಕು. ನಾನಾಗಿ ಸೇರಿಸಕ್ಕೆ ಕಂಪನಿ ಬಿಡಲ್ಲ.”

“ಪತ್ರ ಕೊಟ್ರೆ ಪ್ರಶಸ್ತಿ ಹೋಗುತ್ತಲ್ಲ?”

ಅವರು ತಮ್ಮ ಫೋನ್ ನಂಬರನ್ನು ಚೀಟಿಯಲ್ಲಿ ಬರೆದು ನನ್ನ ಕೈಗೆ ಕೊಟ್ಟರು. ದೊಡ್ಡಮ್ಮ ಕಟ್ಟನ್ನು ಮೂರನೇ ಮಹಡಿಗೆ ಮುಟ್ಟಿಸಿದಳು. ಅರ್ಜಿಗಳು ಮತ್ತೆ ಸರಿಯತೊಡಗಿದವು. ಮೂರು ಗಂಟೆ ಕಾಲ ನೆಟ್‌ವರ್ಕ್ ನಿಧಾನವಾಗಿತ್ತು ಎಂದು ಸೂಪರಿಂಟೆಂಡೆಂಟರು ಬರೆದುಕೊಟ್ಟ ಹೇಳಿಕೆಯೇ ದಾಖಲೆಯಾಯಿತು. ಅದಕ್ಕಾಗಿ ಶುಕ್ರವಾರ ಹೊಸ ಯಂತ್ರದ ಪೆಟ್ಟಿಗೆಗಳು ಬಂದವು. ಅವುಗಳಲ್ಲಿ ಚಿಕ್ಕವನ್ನು ಮೇಲಕ್ಕೆ ಒಯ್ದವಳು ದೊಡ್ಡಮ್ಮನೇ.

ಅದೇ ಶುಕ್ರವಾರ ಸಂಜೆ ಅವಳ ಫೋನಿಗೆ ಮೆಸೇಜ್ ಬಂತು. ನಾನೇ ಓದಿ ಹೇಳಿದೆ. ‘ಸೂಕ್ತ ಕಾರಣ ಇಲ್ಲದ್ದರಿಂದ ನಿಮ್ಮ ಅರ್ಜಿಯನ್ನು ನಿಗದಿತ ಅವಧಿಯೊಳಗೆ ವಿಲೇವಾರಿ ಮಾಡಲಾಗಿದೆ. ನಮ್ಮ ಸೇವೆ ನಿಮಗೆ ತೃಪ್ತಿ ತಂದಿದೆಯೇ?’ ಕೆಳಗೆ ಐದು ನಕ್ಷತ್ರಗಳಿದ್ದವು.

“ಎಷ್ಟು ಒತ್ತಲಿ ದೊಡ್ಡಮ್ಮಾ?”

“ಏನಾದ್ರೂ ಒತ್ತು. ಮೊದಲು ಆ ಬಿಸಿನೀರಿನ ಚೀಲ ತಾ.”

ನಾನು ಏನೂ ಒತ್ತಲಿಲ್ಲ. ಚೀಲ ತಂದು ಮಂಡಿಗೆ ಇಟ್ಟೆ. ದೊಡ್ಡ ಕಂಪನಿ ಬಂದರೆ ಸರ್ಕಾರದ ಕೆಲಸ ಚುರುಕಾಗುತ್ತದೆಯೇ ಎಂದು ಯಾರಾದರೂ ಕೇಳಿದರೆ ನನಗೆ ಪೂರ್ತಿ ಉತ್ತರ ಗೊತ್ತಿಲ್ಲ. ಹೊರಗಿನವರಿಗೆ ಸ್ವಲ್ಪ ಚುರುಕಾಗಿದೆ. ಒಳಗೆ, ಹಳೆಯ ಕೆಲಸ ಹಾಗೇ ಇದೆ, ಅದು ಇದೆಯೆಂದು ಹೇಳುವ ಜಾಗ ಮಾತ್ರ ಹೋಗಿದೆ. ಸಾಹೇಬರೂ ಸೂಪರಿಂಟೆಂಡೆಂಟರೂ ಪರದೆ ನೋಡಿ ತಾವೇ ಒತ್ತಿದ್ದರೆ ಆ ಯಂತ್ರ ನಿಜವಾಗಿಯೂ ಒಳ್ಳೆಯದಾಗಿರುತ್ತಿತ್ತು ಎಂದು ನನಗೆ ಅನಿಸುತ್ತದೆ.

ಪತ್ರ ಕೇಳು, ಪಟ್ಟಿಗೆ ಆ ಸಾಲು ಸೇರಿದರೆ ಮತ್ತೆ ಅರ್ಜಿ ಹಾಕೋಣ ಎಂದು ಎರಡು ದಿನದಿಂದ ಹೇಳುತ್ತಿದ್ದೇನೆ. “ನನ್ನ ಕೈಲಾಗಲ್ಲ ಕಣೇ, ಸಾಕಾಗಿದೆ. ಸೂಪರಿಂಟೆಂಡೆಂಟರ ಮುಖ ನೋಡಿದ್ರೇ ಮಾತು ನಿಂತುಹೋಗುತ್ತೆ ಈಗ,” ಎನ್ನುತ್ತಾಳೆ. ಇಂಜಿನಿಯರಮ್ಮನಿಗೆ ಎಲ್ಲ ಹೇಳಿದ್ದು ತಿಳಿದು, ಮಂಗಳವಾರದಿಂದ ಅವರು ಅವಳ ಜೊತೆ ಮಾತು ಬಿಟ್ಟಿದ್ದಾರೆ. ಕಿಟಕಿಯ ಕುರ್ಚಿ ಖಾಲಿಯಾಗಲು ಇನ್ನು ಒಂಬತ್ತು ದಿನವಿದೆ.

ಹೊರಗಿನವರ ಎದುರು ನನಗೆ ಮಾತು ಬರುವುದಿಲ್ಲ. ಆದರೂ ಸೋಮವಾರ ಹತ್ತು ಗಂಟೆಗೆ ಎರಡನೇ ಮಹಡಿಗೆ ಹೋಗಿ ಸೂಪರಿಂಟೆಂಡೆಂಟರ ಹತ್ತಿರ ಆ ಎರಡು ಸಾಲಿನ ಪತ್ರ ಕೇಳುತ್ತೇನೆ. ಅವರು ಕೊಡುವುದಿಲ್ಲ ಎಂದರೆ ಮೂರನೇ ಮಹಡಿಗೆ ಹತ್ತಿ ಸಾಹೇಬರನ್ನು ಕೇಳುತ್ತೇನೆ.