ಹುಕ್ಸ್ ಹಾಕೋದಷ್ಟೇ ಬಾಕಿ

ಸ್ನೇಹಿತರೇ, ಟೈಲರ್‌ಗೆ ಸುಳ್ಳು ಹೇಳಿ ಗೆದ್ದವರು ನಿಮ್ಮಲ್ಲಿ ಯಾರಾದರೂ ಇದ್ದೀರಾ? ನಾನಂತೂ ಇವತ್ತು ಸೋತು ಬಂದೆ.

ನಾದಿನಿಯ ಮದುವೆ ಇರುವುದು ಮುಂದಿನ ವಾರದ ಭಾನುವಾರ. ಆದರೆ ಅಲ್ಲಾಳಸಂದ್ರದ ನಮ್ಮ ಟೈಲರ್ ಮಂಜಣ್ಣನಿಗೆ ನಾನು ಹೇಳಿದ್ದು ಈ ಭಾನುವಾರ ಎಂದು. ಬೆಳಿಗ್ಗೆ ಫೋನ್ ಮಾಡಿದಾಗ ಅವರು, "ನಿಮ್ಮ ಬ್ಲೌಸ್ ಆಗೋಗಿದೆ ಮೇಡಂ, ಹುಕ್ಸ್ ಹಾಕೋದಷ್ಟೇ ಬಾಕಿ" ಎಂದರು. ಸಂಜೆ ಖುಷಿಯಾಗಿ ಅಂಗಡಿಗೆ ಹೋದೆ. ನನ್ನ ಬ್ಲೌಸ್ ಪೀಸ್ ನಾನು ಕೊಟ್ಟ ಕವರ್‌ನಲ್ಲೇ, ಮಡಿಕೆ ಕೂಡ ಬಿಚ್ಚದೆ ಕೂತಿತ್ತು.

"ಏನ್ರೀ ಮಂಜಣ್ಣ, ಬಟ್ಟೆನೇ ಕಟ್ ಮಾಡಿಲ್ಲ, ಹುಕ್ಸ್ ಎಲ್ಲಿಗೆ ಹಾಕ್ತೀರಾ? ನಾಡಿದ್ದು ಮದುವೆ!" ಎಂದು ರೇಗಿದೆ.

ಅವರು ಶಾಂತವಾಗಿ ಅಳತೆ ಪುಸ್ತಕ ತೆರೆದು ತೋರಿಸಿದರು. ಪ್ರತಿ ಹೆಸರಿನ ಮುಂದೆಯೂ ಎರಡೆರಡು ತಾರೀಖು.

"ಇದು ನೀವು ಹೇಳಿದ್ದು ಮೇಡಂ, ಇದು ನಿಜವಾದ್ದು. ಎಲ್ರೂ ಒಂದ್ ವಾರ ಮುಂಚೆನೇ ಹೇಳ್ತಾರೆ. ನಿಮ್ಮತ್ತೆ ಒಬ್ರೇ ಸತ್ಯವಂತರು. ಸರಿಯಾದ ತಾರೀಖು ಹೇಳಿ, ಮದುವೆಗೆ ಬನ್ನಿ ಅಂತ ಕಾರ್ಡೂ ಕೊಟ್ಟೋದ್ರು."

ಹೊಲಿಗೆ ಮಷಿನ್ ಪಕ್ಕದಲ್ಲೇ ನಮ್ಮ ಮನೆಯ ಲಗ್ನಪತ್ರಿಕೆ, ಅರಿಶಿನ ಕುಂಕುಮ ಹಚ್ಚಿಸಿಕೊಂಡು ಕೂತು ನನ್ನನ್ನೇ ನೋಡುತ್ತಿತ್ತು. ನಾನು ದನಿ ಇಳಿಸಿದೆ.

"ಹೋಗ್ಲಿ, ಸತ್ಯ ಹೇಳಿದ ನಮ್ಮತ್ತೆ ಬ್ಲೌಸಾದ್ರೂ ಆಗಿದೆಯಾ?"

"ಅವ್ರದ್ದು ಆಗೋಗಿದೆ ಮೇಡಂ. ಹುಕ್ಸ್ ಹಾಕೋದಷ್ಟೇ ಬಾಕಿ."