ಔರಾದದಲ್ಲಿ ಉಳಿದ ಬೀಗದ ಕೈ

ಭಾಲ್ಕಿಯ ಸಪನಾಗೆ ದಿನದಲ್ಲಿ ತನ್ನದು ಅಂತ ಇದ್ದದ್ದು ಮಧ್ಯಾಹ್ನದ ಒಂದೂವರೆ ತಾಸು. ಅತ್ತೆ ಕೇಶರಬಾಯಿ ಉಂಡು ಅಡ್ಡಾದ ಮೇಲೆ, ಭಾಂಡೆ ತೊಳೆದಿಟ್ಟು, ನಳದ ನೀರು ಬರುವುದರೊಳಗಿನ ಹೊತ್ತು. ಆಗ ಬಿ.ಎಡ್. ಓದುವಾಗಿನ ಹಳೇ ಲ್ಯಾಪ್‌ಟಾಪ್ ತೆರೆದು ‘ಹಲಗೆ’ಯನ್ನು ಕನ್ನಡಕ್ಕೆ ತರುತ್ತಿದ್ದಳು. ಹಲಗೆ ಅಂದರೆ ಶಾಲೆಗಳಿಗೆಂದು ಹತ್ತಾರು ಜನ ಸೇರಿ ಬರೆದ ಮುಕ್ತ ತಂತ್ರಾಂಶ. ಅದರ ಕೋಡನ್ನು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ಹಂಚಬಹುದು. ಒಡೆಯರಿಲ್ಲ.

ಕನ್ನಡ ತಂಡದ ಮುಂದಾಳು ಬೀದರದ ಅನೀಲಕುಮಾರ. ವಾರಕ್ಕೊಮ್ಮೆ, ಹಲಗೆಯ ಪರದೆಯ ಮೇಲೆ ಕಾಣುವ ಇಂಗ್ಲಿಷ್ ಸಾಲುಗಳ ಕಡತ ಕಳಿಸುವನು. ಪಕ್ಕದ ಹಾಜಿರಾಬೀ ಮನೆಯ ವೈಫೈ ಗೋಡೆ ದಾಟಿ ಬಂದಾಗ ಸಪನಾ ಅದನ್ನು ಇಳಿಸಿಕೊಂಡು, ಬಿಡುವಾದಾಗ ಅನುವಾದಿಸಿ ಮರಳಿಸುವಳು. ಏಳು ವರ್ಷಗಳಲ್ಲಿ ಹಲಗೆಯ ಕನ್ನಡದ ಅರ್ಧಕ್ಕಿಂತ ಹೆಚ್ಚು ಅವಳ ಕೈಯದೇ ಆಗಿತ್ತು.

“ಮನ್ಯಾಗ ಒಂದು ಪಗಾರಿಲ್ಲದ ನೌಕರಿ ಇತ್ತು, ಸಾಲಲಿಲ್ಲೇನವ್ವ?” ಎಂದು ಕೇಶರಬಾಯಿ ಕಾಡುವಳು.

“ಅದರಾಗ ನನ್ನ ಹೆಸರರ ಬರ್ತದರಿ ಅತ್ತಿ.”

ಬರುತ್ತಿತ್ತು. ಹಲಗೆಯ ಕೊನೆಯ ಪುಟದ ಅನುವಾದಕರ ಪಟ್ಟಿಯಲ್ಲಿ ಮೊದಲ ಹೆಸರು ಅವಳದು. ಬಿ.ಎಡ್. ಸರ್ಟಿಫಿಕೇಟು, ರೇಷನ್ ಕಾರ್ಡು ಬಿಟ್ಟರೆ ಅವಳ ಹೆಸರು ಅಚ್ಚಾದ ಜಾಗ ಅದೊಂದೇ.

ಹೋದ ವರ್ಷ ತಂಡ ಕೆಲಸವನ್ನೆಲ್ಲ ಒಂದು ಕಂಪನಿಯ ಜಾಲತಾಣಕ್ಕೆ ಸಾಗಿಸಲು ಹೊರಟಿತು. ಒಳಗೆ ಹೋಗಬೇಕಾದರೆ ದಿನಾ ಆ ಕಂಪನಿಯ ಆ್ಯಪ್ ಇರುವ ಮೊಬೈಲಿನಲ್ಲಿ ‘ಹೌದು, ನಾನೇ’ ಎಂದು ಎರಡು ನಿಮಿಷದೊಳಗೆ ಒತ್ತಬೇಕು. ಸಪನಾಳ ಮನೆಯಲ್ಲಿ ಅಂಥ ಮೊಬೈಲು ಒಂದೇ. ಅದು ಬೆಳಿಗ್ಗೆಯೇ ಗಂಡ ಅಶ್ವಜಿತನ ಕಿಸೆಯಲ್ಲಿ ಔರಾದಕ್ಕೆ ಹೋಗುತ್ತಿತ್ತು. ಅವನು ಅಲ್ಲಿ ಲೈನ್‌ಮನ್.

ಇದಕ್ಕೆಂದು ಬೀದರದಲ್ಲಿ ಕರೆದ ತಂಡದ ಸಭೆಗೆ ಅವಳು ಎರಡೂ ಹೊತ್ತಿನ ಅಡುಗೆ ಮುಗಿಸಿ ಬಸ್ಸು ಹತ್ತಿದಳು.

“ಯಾರ ಹಂಗೂ ಇಲ್ಲದ ತಂತ್ರಾಂಶ ಮಾಡ್ತೇವಿ ಅಂತೀವಿ. ಮಾಡೋ ಜಾಗಾನೇ ಇನ್ನೊಬ್ಬರ ಕೈಯಾಗ ಕೊಟ್ರ ಹ್ಯಾಂಗ್ರಿ ಸರ್?”

“ಪುಕ್ಕಟೆ ಅದ ಅಲ್ರಿ ಅಕ್ಕಾ,” ಎಂದ ಅನೀಲಕುಮಾರ. “ಕಡತ ಕಳಿಸಿ ಕಳಿಸಿ ನನಗೂ ಸಾಕಾಗ್ಯದ.”

“ನಾಳಿ ಅವ್ರು ಬಾಗಿಲು ಹಾಕಿದ್ರ?”

“ಅಷ್ಟು ದೊಡ್ಡ ಕಂಪನಿ, ನಿಮ್ಮ ಮ್ಯಾಲ ಯಾಕ ಸಿಟ್ಟಾಗ್ತದ್ರಿ?”

ಕೂತವರು ನಕ್ಕರು. ಅಲ್ಲಿ ಹೆಂಗಸು ಅವಳೊಬ್ಬಳೇ. ಚಹಾದ ಕಪ್ಪುಗಳನ್ನು ಒಟ್ಟುಮಾಡುತ್ತ ಅವಳೂ ಒಪ್ಪಿಕೊಂಡಳು.

ಗಂಡ ಹೆಂಡತಿ ಒಂದು ಕರಾರು ಮಾಡಿಕೊಂಡರು. ಸರಿಯಾಗಿ ಎರಡಕ್ಕೆ ಇವಳು ಭಾಲ್ಕಿಯಲ್ಲಿ ತನ್ನ ಹೆಸರು ಹಾಕುವುದು, ಅವನು ಔರಾದದಲ್ಲಿ ‘ಹೌದು, ನಾನೇ’ ಒತ್ತುವುದು. ಅವನು ಮರೆತ ದಿನ ಆ ಮಧ್ಯಾಹ್ನ ಹಾಳು. ಹೀಗೇ ನಾಲ್ಕು ತಿಂಗಳು ನಡೆಯಿತು. ಒಂದು ದಿನ ಎರಡು ಗಂಟೆಗೆ ಅವನು ಕಂಬದ ಮೇಲಿದ್ದ. ಕೈಗವಸು ಕಳಚಿ ಅವಸರದಲ್ಲಿ ಒತ್ತಿದ ಬೆರಳು ‘ಅಲ್ಲ, ನಾನಲ್ಲ’ದ ಮೇಲೆ ಬಿತ್ತು.

ಕಳ್ಳರು ನುಗ್ಗಿದ್ದಾರೆಂದು ಕಂಪನಿ ಅವಳ ಖಾತೆಗೆ ಬೀಗ ಹಾಕಿತು. ಬರೆದ ಪತ್ರಗಳಿಗೆಲ್ಲ ಯಂತ್ರದಿಂದ ಒಂದೇ ಉತ್ತರ: ನೀವು ನೀವೇ ಎಂದು ಖಾತ್ರಿಪಡಿಸಲು ನಿಮ್ಮ ಖಾತೆಯೊಳಗೆ ಬನ್ನಿ.

“ಬೇಕಂತ ಮಾಡ್ಲಿಲ್ಲ ನೋಡು,” ಎಂದ ಅಶ್ವಜಿತ.

“ಗೊತ್ತದರಿ.” ಗೊತ್ತಿದ್ದುದರಿಂದ ಜಗಳಕ್ಕೂ ಜಾಗವಿರಲಿಲ್ಲ.

ಅನೀಲಕುಮಾರನಿಂದಲೂ ಏನೂ ಆಗಲಿಲ್ಲ. “ಕೋಡು ನಮ್ಮ ಕೈಯಾಗ ಅದರಿ ಅಕ್ಕಾ. ಒಳಗ ಯಾರು ಬರಬೇಕನ್ನೋದು ಅವರ ಕೈಯಾಗ. ಕಡತ ಕಳಿಸೋದಂತೂ ಬಂದ್ ಆಗ್ಯದ, ಹೊಸ ಖಾತೆ ತೆಗೀರಿ.” ತೆಗೆದರೆ ಅದಕ್ಕೂ ಬೇಕಾದದ್ದು ಇನ್ನೊಬ್ಬರ ಬೆರಳೇ.

ಹಲಗೆಯ ಹೊಸ ಆವೃತ್ತಿ ಬಂತು. ಪಟ್ಟಿಯನ್ನು ಈಗ ಕಂಪನಿಯ ತಾಣವೇ ತಯಾರಿಸುತ್ತಿತ್ತು. ಬೀಗ ಬಿದ್ದ ಖಾತೆಗಳು ಅದರಲ್ಲಿ ಸೇರುವುದಿಲ್ಲ. ಅವಳ ಸಾಲುಗಳು ಇದ್ದವು, ಹೆಸರಿರಲಿಲ್ಲ. ಹೊಸ ಸಾಲುಗಳನ್ನು ಯಂತ್ರ ತುಂಬಿತ್ತು, ಯಾವ ಮಗುವಿಗೂ ತಿಳಿಯದ ಕನ್ನಡದಲ್ಲಿ.

ಒಂದು ಸಂಜೆ ಅಶ್ವಜಿತನ ಮೊಬೈಲಿಗೆ ಅನೀಲಕುಮಾರನ ಫೋನು ಬಂತು. ಸಪನಾಳ ಎರಡೂ ಕೈ ಹಿಟ್ಟಿನಲ್ಲಿದ್ದವು. ಅಶ್ವಜಿತ ಮೊಬೈಲನ್ನು ಅವಳ ಕಿವಿಗೆ ಹಿಡಿದ.

“ಅಕ್ಕಾ, ಸಾಲಿ ಮಾಸ್ತರ ಮಂದಿ ಬೈಲಕತ್ಯಾರರಿ. ನಾ ಓದ್ತೇನಿ, ನೀವು ಕನ್ನಡದಾಗ ಹೇಳ್ರಿ, ನಾ ಬರಕೋತೇನಿ.”

“ಯಾರ ಹೆಸರಿಲೆರಿ?”

“ಸದ್ಯಕ್ಕ ನನ್ನ ಹೆಸರಿಲೇ ಹೋಗ್ತದರಿ.”

ಒಲ್ಲೆ ಅಂದರೆ ಮಕ್ಕಳಿಗೆ ಆ ಯಂತ್ರದ ಕನ್ನಡವೇ ಗತಿ. ಅವಳು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, “ಓದ್ರಿ” ಎಂದಳು.

ಅಂದು ಹದಿನಾಲ್ಕು ಸಾಲು ಮುಗಿದವು. ಮರುದಿನವೂ ರೊಟ್ಟಿಯ ಹೊತ್ತಿಗೇ ಫೋನು ಬಂತು.